ಮಜ್ಜಿಗೆ ಕುಡಿದ ಪೇಚಕಸ

ಬೇರೆ ಮುದುಕಿಯರನ್ನು ಉಪ್ಪಿನಕಾಯಿಗೆ ಎಷ್ಟು ಉಪ್ಪು ಎಂದು ಕೇಳುತ್ತಾರೆ. ನಮ್ಮ ಮನೆಯಲ್ಲಿ ನನ್ನನ್ನು ಕೇಳುವುದು ಪೇಚಕಸದ ವಿಷಯ. ಮೊನ್ನೆ ಸೊಸೆ ಸಿಂಧನೂರಿಗೆ ಹೋದವಳು ಬಸ್‌ಸ್ಟ್ಯಾಂಡಿನ ಹೊರಗೆ ಚೀಲ ಹಾಸಿಕೊಂಡು ಕೂತವನ ಹತ್ತಿರ ಕೆಂಪು ಪ್ಲಾಸ್ಟಿಕ್ ಹಿಡಿಯ ಪೇಚಕಸವೊಂದನ್ನು ತಂದಳು, ಮಿಕ್ಸರಿನ ತಳ ಬಿಚ್ಚಲಿಕ್ಕೆ. ನನಗೆ ತೋರಿಸಲಿಲ್ಲ. ತೋರಿಸದೆ ತಿರುವಿದಳು. ತುದಿ ಹಪ್ಪಳದ ಅಂಚಿನ ಹಾಗೆ ಸುರುಳಿಯಾಯಿತು, ಪೇಚು ಮಾತ್ರ ಇದ್ದಲ್ಲೇ ಇತ್ತು.

"ಅತ್ತೀ, ಇವತ್ತ ತಂದೀನಿ, ಹೊಸಾದು!" ಎಂದು ಅಳುಮೋರೆ ಮಾಡಿದಳು.

"ನನ್ನ ಕೇಳಿ ತರಬೇಕಿಲ್ಲೇನಬೇ?" ಎಂದು ಗದರಿದೆ. ಗದರಿದ್ದು ಅವಳನ್ನು, ಸಿಟ್ಟು ಬಂದದ್ದು ನನ್ನ ಮೇಲೆ. ಪೇಚಕಸದ ತುದಿ ಕೆಟ್ಟದ್ದನ್ನು ಕಂಡಾಗಲೆಲ್ಲ ನನಗೆ ಹೀಗೇ ಆಗುತ್ತದೆ. ಊಟ ಸೇರುವುದಿಲ್ಲ. ಕಂಬಾರ ಮೌನಪ್ಪ ನೆನಪಾಗುತ್ತಾನೆ.

ಪೇಚಕಸ ಅಂದರೆ ಪೇಚು ತಿರುವುವ ಸಲಾಕೆ. ಈಗಿನ ಹುಡುಗರು ಸ್ಕ್ರೂಡ್ರೈವರ್ ಅನ್ನುತ್ತಾರೆ, ನಾವು ನಿಜಾಮನ ಕಾಲದವರು, ನಮ್ಮ ನಾಲಿಗೆಗೆ ಆ ಹೆಸರೇ ಕೂತಿದೆ. ಒಂದು ಹೆಣ್ಣಿಗೆ ಈ ವಿದ್ಯೆ ಹೇಗೆ ಅಂಟಿತು ಎಂದು ನೀವು ಕೇಳಬಹುದು. ತವರಿನಿಂದಂತೂ ಅಲ್ಲ. ತುರ್ವಿಹಾಳದ ನಮ್ಮ ಮನೆಯಲ್ಲಿ ಪೇಚಕಸವೆಂಬ ವಸ್ತುವೇ ಇರಲಿಲ್ಲ. ಕಾಲುವೆ ಬರುವುದಕ್ಕೆ ಮುಂಚಿನ ತುರ್ವಿಹಾಳ ಅದು, ಎಲ್ಲಿ ನೋಡಿದರೂ ಎರೆಹೊಲ, ಜೋಳ, ಹತ್ತಿ. ಬೇಸಿಗೆಯಲ್ಲಿ ನೆಲ ಬಿರಿದರೆ ನನ್ನ ಪಾದ ಪೂರ್ತಿ ಬಿರುಕಿನೊಳಗೆ ಹೋಗುತ್ತಿತ್ತು. ಸಂತೆಯಿಂದ ಸಂತೆಗೆ ಬಟ್ಟೆ ಮಾರುತ್ತಿದ್ದ ಅಪ್ಪ ಒಮ್ಮೆ ಯಾವುದೋ ಹರಾಜಿನಲ್ಲಿ ಗೋಡೆ ಗಡಿಯಾರ ಹಿಡಿದು ತಂದ. ಅದು ಆರು ತಿಂಗಳಿಗೆ ನಿಂತಿತು. ಅಪ್ಪ ಮೊದಲು ಅಡಕೊತ್ತಿನ ಮೂಗಿನಿಂದ ಬಿಚ್ಚಲು ನೋಡಿದ, ಆಮೇಲೆ ದುಡ್ಡಿನ ಅಂಚಿನಿಂದ, ಆಮೇಲೆ ಅವ್ವನ ಈಳಿಗೆಯ ತುದಿಯಿಂದ. ಅವ್ವ ಈಳಿಗೆ ಕಸಿದುಕೊಂಡಳು. ಅಷ್ಟರಲ್ಲಿ ಪೇಚುಗಳ ತಲೆಯ ಸೀಳುಬಾಯಿ ಸವೆದು ಬಟ್ಟಲಾಗಿದ್ದವು, ಗಡಿಯಾರದ ಬೆನ್ನು ಮತ್ತೆಂದೂ ತೆರೆಯಲಿಲ್ಲ. ಬಂದವರು "ಕಾಕಾ, ಟೈಮೆಷ್ಟು?" ಎಂದರೆ ಅಪ್ಪ ಮೊದಲು ಗಡಿಯಾರವನ್ನು ಗಂಭೀರವಾಗಿ ನೋಡಿ, ಆಮೇಲೆ ಅಂಗಳಕ್ಕೆ ಹೋಗಿ ನೆರಳು ನೋಡಿಕೊಂಡು ಬಂದು ಹೇಳುತ್ತಿದ್ದ.

ಅಂಥ ಮನೆಯ ಮಗಳನ್ನು ಮಸ್ಕಿಗೆ, ದರ್ಜಿಯ ಮನೆಗೆ ಕೊಟ್ಟರು. ಯಜಮಾನರ ಹೆಸರು ಹೇಳಲಾರೆ, ಈಗಲೂ ನಾಲಿಗೆ ಏಳುವುದಿಲ್ಲ. ಕತ್ತರಿ ಹಿಡಿದರೆ ಅವರಂಥವರು ಸುತ್ತ ಹತ್ತೂರಲ್ಲಿ ಇರಲಿಲ್ಲ. ಆದರೆ ಹೊಲಿಗೆ ಮಿಷನ್ನಿನ ಹೊಟ್ಟೆ ಬಿಚ್ಚಬೇಕೆಂದರೆ ಆ ಗಂಡಸು ಬೆವರುತ್ತಿದ್ದರು.

"ಇಕಾ, ನೀನ ಬಿಚ್ಚು. ನನಗ ಕರಳು ನೋಡಿದಂಗಾಗ್ತದ" ಎಂದು ಪಡಸಾಲೆಗೆ ಹೋಗಿಬಿಡುತ್ತಿದ್ದರು.

ಹೀಗೆ ಅದು ನನ್ನ ಪಾಲಿಗೆ ಬಂತು. ನಮ್ಮದು ಮೂರು ಕೈ ದಾಟಿ ಬಂದ ಮಿಷನ್ನು. ವಾರಕ್ಕೊಮ್ಮೆ ಸೂಜಿಯ ಕೆಳಗಿನ ತಗಡು ಬಿಚ್ಚಿ, ಒಳಗೆ ಕಟ್ಟಿದ ಹತ್ತಿ ಎಳೆ ತೆಗೆದು, ಎಣ್ಣೆ ಬಿಡದಿದ್ದರೆ ಹೊಲಿಗೆ ಜಿಗಿಯುತ್ತಿತ್ತು. ಆ ತಗಡಿಗೆ ಎರಡೇ ಪೇಚು. ನಮ್ಮ ರೊಟ್ಟಿ ಆ ಎರಡು ಪೇಚಿನ ಮೇಲೆ ನಿಂತಿತ್ತು ಎಂದರೆ ಸುಳ್ಳಲ್ಲ. ಅವುಗಳ ಬಾಯಿ ಕೆಟ್ಟರೆ ಹೊಸ ಪೇಚು ಹೈದರಾಬಾದಿನಿಂದ ಬರಬೇಕು. ಅದು ದೊಡ್ಡ ಲಡಾಯಿಯ ಕಾಲ, ಹೈದರಾಬಾದಿಗೇ ಬರುತ್ತಿರಲಿಲ್ಲ.

ಸಂತೆಯಲ್ಲಿ ಅಗ್ಗಕ್ಕೆ ಕೊಂಡ ಮೊದಲನೆಯ ಪೇಚಕಸ ಬಾಗಿತು. ಎರಡನೆಯದರ ಹಿಡಿ ಸಡಿಲವಾಯಿತು. ನಾನು ತಿರುವಿದರೆ ಹಿಡಿ ತಿರುಗುತ್ತಿತ್ತು, ಸಲಾಕೆ ಜಪಕ್ಕೆ ಕೂತಿರುತ್ತಿತ್ತು. ಮೂರನೆಯದರ ತುದಿ ಚೂರುಚೂರೇ ಉದುರಿತು. "ಅಗ್ಗ ಅಂತ ಮುಗ್ಗಿದ ಜೋಳ ತಂದಂಗಾತು" ಎಂದು ಅತ್ತೆ ಹಲ್ಲಿಲ್ಲದ ಬಾಯಲ್ಲಿ ನಕ್ಕರು. ಲಿಂಗಸುಗೂರಿನ ಸಾಹೇಬರೊಬ್ಬರ ಅಂಗಡಿಯಲ್ಲಿ ವಿಲಾಯತಿ ಪೇಚಕಸ ಇತ್ತು, ಎಣ್ಣೆ ಕಾಗದದಲ್ಲಿ ಸುತ್ತಿದ್ದು. ಬೆಲೆ ಕೇಳಿ ಯಜಮಾನರು ಅದನ್ನು ಮಲಗಿದ ಕೂಸನ್ನು ಇಡುವ ಹಾಗೆ ಮೆಲ್ಲಗೆ ಇಟ್ಟು ಹೊರಗೆ ಬಂದಿದ್ದರು.

ಆಗ ಸಿಕ್ಕವನು ಮೌನಪ್ಪ. ಸಂತೆ ಬಯಲಿನ ಅಂಚಿಗೆ ಅವನ ಕುಲುಮೆ. ಅಂಗಿಗೆ ಅಳತೆ ಕೊಡಲು ಬಂದವನು ನನ್ನ ಮೂರೂ ಪೇಚಕಸಗಳನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿದ.

"ತಂಗೆವ್ವಾ, ಇವು ಮೂರರ ಖರ್ಚಿನ್ಯಾಗ ಒಂದ ಗಟ್ಟಿಮುಟ್ಟಾದ್ದು ಬರ್ತಿತ್ತಲ್ಲ! ಹಿಡಿ ಬಣ್ಣ ನೋಡಿ ತಂದಿ ಹೌದಲ್ಲ?"

"ಹೂಂ. ಹಸರ ಬಣ್ಣ ಚಂದ ಕಂಡಿತ್ತು."

"ಸೀರಿ ತರಾಕ ಹೋಗಿದ್ದೇನು? ಹಿಡಿ ನೋಡಬಾರದವ್ವ, ತುದಿ ನೋಡಬೇಕು. ಕಾನಸ ತಗೊಂಡು ತುದಿ ಮ್ಯಾಲ ಮೆಲ್ಲಕ ಎಳಿ. ಕಾನಸ ಜಾರಿತಂದ್ರ ಉಕ್ಕು, ಕಚ್ಚಿತಂದ್ರ ಬರೇ ಕಬ್ಬಿಣ. ಮತ್ತ ತುದಿ ಪೇಚಿನ ಬಾಯಿ ತುಂಬ ಕೂಡಬೇಕು. ಸಡ್ಲ ಇತ್ತಂದ್ರ ಬಾಯಿ ಹರೀತದ."

ಕಾನಸವೆಂದರೆ ಕಬ್ಬಿಣ ಉಜ್ಜುವ ಅರ. ಅದನ್ನು ಅವನೇ ಸೊಂಟದಿಂದ ತೆಗೆದು ನನ್ನ ಕೈಗೆ ಕೊಟ್ಟು ಉಜ್ಜಿಸಿದ. ಮೂರೂ ಕಚ್ಚಿದವು. ನನಗೆ ನಾಚಿಕೆಯಾಯಿತು, ಜೊತೆಗೆ ಏನೋ ಒಂದು ದೊಡ್ಡ ಗುಟ್ಟು ಕಲಿತ ಖುಷಿಯೂ ಆಯಿತು. ಅವತ್ತಿನಿಂದ ಸ್ವಲ್ಪ ದಿನ ಮನೆಯಲ್ಲಿ ಕಂಡ ಕಬ್ಬಿಣವನ್ನೆಲ್ಲ ಉಜ್ಜಿ ನೋಡಿದೆ, ಅತ್ತೆಯ ಎಲೆ ಅಡಿಕೆಯ ಕತ್ತರಿಯನ್ನೂ ಬಿಡಲಿಲ್ಲ.

ಹಟ್ಟಿಯ ಚಿನ್ನದ ಗಣಿಯಲ್ಲಿ ಬಂಡೆ ಕೊರೆದು ಸವೆದ ಸಲಾಕೆಗಳು ಹಳೇ ಕಬ್ಬಿಣವಾಗಿ ಹೊರಬೀಳುತ್ತಿದ್ದವು. ಮೌನಪ್ಪ ಬಂಡಿ ಕಟ್ಟಿಕೊಂಡು ಹೋಗಿ ಅವನ್ನು ಆರಿಸಿ ತರುತ್ತಿದ್ದ. ಅಂಥದೊಂದರಲ್ಲಿ ನನಗೆ ಪೇಚಕಸ ಮಾಡಿಕೊಡುತ್ತೇನೆ ಎಂದ.

"ರೊಕ್ಕ ಬ್ಯಾಡ. ನನ್ನ ಹೇಣ್ತಿಗೆ ಎರಡು ಕುಬಸ ಹೊಲದು ಕೊಡು, ತೋಳಿಗೆ ಚಲೋ ಅಂಚು ಹಚ್ಚಿ."

ಕೈಯಲ್ಲಿ ರೊಕ್ಕವಿಲ್ಲದವರು ಆಗ ಹೀಗೇ ಬದುಕುತ್ತಿದ್ದೆವು. ಅವನು ಅದನ್ನು ಮಾಡುವ ದಿನ ಮಿಷನ್ನಿನ ಪೇಚನ್ನೇ ಅಳತೆಗೆ ತೆಗೆದುಕೊಂಡು ನಾನೂ ಕುಲುಮೆಗೆ ಹೋಗಿದ್ದೆ. ಬಡಿದು, ತೀಡಿ, ಕೆಂಪಗೆ ಕಾಸಿ ಮೊದಲು ನೀರಿಗೆ ಅದ್ದಿದ. ಆಮೇಲೆ ಮತ್ತೆ ಸಣ್ಣ ಬಿಸಿಗೆ ಹಿಡಿದು ತುದಿಯನ್ನೇ ನೋಡುತ್ತ ಕೂತ. ಉಕ್ಕಿನ ಮೇಲೆ ಒಣಗಿದ ಜೋಳದ ದಂಟಿನ ಬಣ್ಣ ಬಂತು, ಅದು ಗಾಢವಾಗಿ ಬದನೆಕಾಯಿ ಬಣ್ಣಕ್ಕೆ ತಿರುಗಿತು. ತಿರುಗಿದ್ದೇ ತಡ, ಚೊಂಯ್ ಎಂದು ಮತ್ತೆ ನೀರಿಗೆ. "ಇಷ್ಟ ನೋಡವ್ವ ನನ್ನ ವಿದ್ಯಾ," ಎಂದ. "ಒಂದು ಕ್ಷಣ ಮೊದ್ಲ ಆದ್ರ ಗಾಜು, ತಡ ಆದ್ರ ಮೇಣ. ಕಣ್ಣಾಗ ಐತಿ ಎಲ್ಲಾ." ಜಾಲಿ ಕಟ್ಟಿಗೆಯ ಹಿಡಿ, ಕುತ್ತಿಗೆಗೆ ಹಿತ್ತಾಳೆ ಬಳೆ. ನೋಡಲಿಕ್ಕೆ ಒರಟು. ಆದರೆ ಪೇಚಿನ ಬಾಯಲ್ಲಿ ಇಟ್ಟರೆ ಅಲುಗುತ್ತಿರಲಿಲ್ಲ. ಒಂದು ವರ್ಷ ವಾರವಾರವೂ ತಿರುವಿದೆ, ತುದಿಯ ಅಂಚು ಮೊದಲ ದಿನದಂತೆಯೇ ಇತ್ತು. ನೀರಿಗೆ ಬಂದ ಹೆಂಗಸರ ಮುಂದೆ ಬಂಗಾರದ ಸರ ತೋರಿಸಿದ ಹಾಗೆ ಅದನ್ನು ತೋರಿಸಿದ್ದೇನೆ, ಅವರು ನನ್ನ ಬೆನ್ನ ಹಿಂದೆ ನಕ್ಕಿರಬೇಕು.

ಮುಂದಿನ ಮದುವೆ ಸುಗ್ಗಿಯ ಹೊತ್ತಿಗೆ ಯಜಮಾನರಿಗೆ ಕಾಮಣಿ ಹತ್ತಿತು. ಕಣ್ಣು ಅರಿಷಿಣ, ಉಗುರು ಅರಿಷಿಣ. ಅತ್ತೆಗೆ ಒಂದು ಮದ್ದು ಗೊತ್ತಿತ್ತು: ಚಲೋ ಕಬ್ಬಿಣವನ್ನು ಕೆಂಪಗೆ ಕಾಸಿ ಹುಳಿ ಮಜ್ಜಿಗೆಯಲ್ಲಿ ಅದ್ದಿ, ಆ ಮಜ್ಜಿಗೆಯನ್ನು ಒಂಬತ್ತು ಮುಂಜಾನೆ ಬರಿಹೊಟ್ಟೆಗೆ ಕುಡಿಸಬೇಕು. ನಮ್ಮ ಕಡೆ ಇದು ಮನೆಮನೆಯ ಮದ್ದು. ಎಲ್ಲರೂ ಕುಡುಗೋಲೋ ಸೌಟೋ ಕಾಸುತ್ತಾರೆ.

"ಜಂಗು ತಿಂದದ್ದು ಬ್ಯಾಡ. ಮನ್ಯಾಗ ಎಲ್ಲಾಕ್ಕಿಂತ ಚಲೋ ಕಬ್ಬಿಣ ಯಾವುದೈತಿ, ಅದನ್ನ ತಾ" ಎಂದರು ಅತ್ತೆ.

ಮನೆಯಲ್ಲಿ ಎಲ್ಲಕ್ಕಿಂತ ಚಲೋ ಕಬ್ಬಿಣ ಯಾವುದೆಂದು ಉಜ್ಜಿ ಉಜ್ಜಿ ತಿಳಿದವಳು ನಾನೇ ಅಲ್ಲವೇ? ಜಂಬದಿಂದಲೇ ತಂದುಕೊಟ್ಟೆ. ಒಂಬತ್ತು ದಿನ ಪೇಚಕಸದ ತುದಿ ಒಲೆಯಲ್ಲಿ ಕೆಂಡವಾಯಿತು, ಮಜ್ಜಿಗೆಯಲ್ಲಿ ಬುಸುಗುಟ್ಟಿತು. ಮಸಿಯನ್ನು ನಾನು ದಿನವೂ ಬೂದಿ ಹಚ್ಚಿ ತಿಕ್ಕಿ ತೊಳೆದಿಟ್ಟೆ. ಶಿವನ ದಯೆಯೋ ಮಜ್ಜಿಗೆಯ ದಯೆಯೋ, ಅವರು ಎದ್ದು ಕೂತರು.

ಆದರೆ ಅವರ ಕಾಮಣಿಯ ಸುದ್ದಿಯನ್ನು ನಾವು ಹೊಸ್ತಿಲು ದಾಟಿಸಿರಲಿಲ್ಲ. ಮೂರು ಮನೆಯ ಮದುವೆ ಬಟ್ಟೆ ನಮ್ಮಲ್ಲಿದ್ದವು. ಕಾಮಣಿ ಹತ್ತಿದವನು ಹೊಲಿದ ಅಂಗಿಯನ್ನು ಮದುಮಗನಿಗೆ ಯಾರು ತೊಡಿಸುತ್ತಾರೆ? ಸುದ್ದಿ ಹೊರಬಿದ್ದರೆ ಬಟ್ಟೆ ಅವತ್ತೇ ವಾಪಸು ಹೋಗುತ್ತವೆ. ಕೇಳಿದವರಿಗೆ "ಥಂಡಿ ಆಗೈತಿ" ಎಂದು ಹೇಳುತ್ತಿದ್ದೆ.

ಅವರು ಮಿಷನ್ನಿಗೆ ಕೂರುವ ಮೊದಲು ತಗಡು ಬಿಚ್ಚೋಣವೆಂದು ಪೇಚಕಸ ಇಟ್ಟು ತಿರುವಿದೆ. ಫಟ್ ಎಂದಿತು. ತುದಿ ಮುರಿದು ಎಲ್ಲೋ ಹಾರಿತು, ಉಳಿದ ಮೊಂಡು ಜಾರಿ ಪೇಚಿನ ಬಾಯಿಯ ಒಂದು ದವಡೆಯನ್ನು ಕಿತ್ತುಕೊಂಡು ಹೋಯಿತು. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ ಸಿಟ್ಟು ಬಂತು. ಅವತ್ತು ಸಂತೆ. ಮುರಿದ ಪೇಚಕಸ ಸೆರಗಿನಲ್ಲಿ ಕಟ್ಟಿಕೊಂಡು ನೆಟ್ಟಗೆ ಕುಲುಮೆಗೆ ಹೋದೆ.

"ಮೌನಪ್ಪಣ್ಣಾ, ಹಟ್ಟಿ ಉಕ್ಕು ಅಂತ ಹೇಳಿ ಎಂಥಾ ಖೊಟ್ಟಿ ಕಬ್ಬಿಣ ಕೊಟ್ಟಿ ನನಗ? ನೋಡ್ರಿ, ಎಲ್ಲಾರೂ ನೋಡ್ರಿ!"

ಜನ ಸೇರಲು ಎಷ್ಟು ಹೊತ್ತು? ಕುಡುಗೋಲು ತಟ್ಟಿಸಲು ಬಂದವರು, ಉಳ್ಳಾಗಡ್ಡಿ ಕೊಳ್ಳಲು ಬಂದವರು ಎಲ್ಲ ನಿಂತರು. ನಮ್ಮಲ್ಲಿ ಮದುವೆ ಬಟ್ಟೆ ಕೊಟ್ಟಿದ್ದ ಒಬ್ಬ ಹೆಣ್ಣುಮಗಳೂ ನನ್ನ ಮಗ್ಗುಲಿಗೇ ಬಂದು ನಿಂತಳು. ಮೌನಪ್ಪ ಸುತ್ತಿಗೆ ಕೆಳಗಿಟ್ಟ. ಮುರಿದ ಬಾಯನ್ನು ಬಿಸಿಲಿಗೆ ಹಿಡಿದು ನೋಡಿದ, ಹೆಬ್ಬೆರಳಿನಿಂದ ಸವರಿದ, ಮತ್ತೆ ನೋಡಿದ.

"ಯವ್ವಾ, ಇದನ್ನೇನರ ಬೆಂಕ್ಯಾಗ ಇಟ್ಟಿದ್ದೇನು?"

ಬೆಂಕಿಗೂ ಮುರಿಯುವುದಕ್ಕೂ ಏನು ಸಂಬಂಧವೆಂದು ನನಗೆ ಗೊತ್ತಿರಲಿಲ್ಲ. ಆದರೆ ಅವನು ಸುಮ್ಮನೆ ಕೇಳುತ್ತಿಲ್ಲ ಎಂಬುದು ಗೊತ್ತಾಯಿತು. ಹೌದೆಂದರೆ ಯಾಕೆ ಎನ್ನುತ್ತಾನೆ. ಯಾಕೆಂದು ಹೇಳಿದರೆ ಮಗ್ಗುಲಲ್ಲಿ ನಿಂತವಳು ಸೀದಾ ನಮ್ಮ ಮನೆಗೆ ಹೋಗಿ ಬಟ್ಟೆಯ ಗಂಟು ಎತ್ತುತ್ತಾಳೆ.

"ಇಲ್ಲ. ನಾ ಯಾಕ ಇಡ್ಲಿ?"

"ಖರೇನವ್ವಾ?"

"ಖರೇ."

ಅವನು ಮುರಿದ ಪೇಚಕಸವನ್ನು ನನ್ನ ಕೈಗೆ ಮರಳಿಸಿದ. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದ: "ಹಂಗಾರ ನನ್ನ ಹದ ತಪ್ಪೈತಿ. ತಪ್ಪು ನಂದು." ಬೇರೆ ಮಾಡಿಕೊಡುತ್ತೇನೆ ಎಂದ. "ನಿನ್ನ ಕಬ್ಬಿಣ ನಿನಗ ಇರ್ಲಿ" ಎಂದು ತಿರುಗಿ ಬಂದೆ. ಆ ಮಾತು ಆಡಿದ ನಾಲಿಗೆಯೇ ಇದು, ಈಗ ನಿಮ್ಮ ಜೊತೆ ಮಾತಾಡುತ್ತಿರುವುದು.

ಮರುದಿನ ಅವನ ಹೆಂಡತಿ ಎರಡು ಕುಬಸಗಳನ್ನು ಒಗೆದು, ಮಡಚಿ ತಂದು ನಮ್ಮ ಕಟ್ಟೆಯ ಮೇಲಿಟ್ಟಳು. "ಕೆಲಸ ಕೆಟ್ಟ ಮ್ಯಾಲ ಕೂಲಿ ಇಟ್ಕೋಬಾರದಂತ, ಅವರ ಹೇಳ್ಯಾರ" ಎಂದಳು. ಒಬ್ಬಳ ಮೈಗೆ ಹೊಲಿದ ಕುಬಸ ಇನ್ನೊಬ್ಬಳಿಗೆ ಆಗುತ್ತದೆಯೇ? ಆದರೂ ಎತ್ತಿ ಒಳಗಿಟ್ಟೆ. ಮುಂದೆ ಹೊಲಿಗೆ ಬಿಚ್ಚಿ ದಿಂಬಿನ ಚೀಲ ಮಾಡಿದೆ. ಜಿಪುಣತನ ಎಂದರೆ ನನ್ನದು.

ಮಿಷನ್ನಿನ ತಗಡು ಬಿಚ್ಚಲಾಗದ್ದರಿಂದ ಮದುವೆ ಬಟ್ಟೆಗಳನ್ನು ಗಂಡ ಹೆಂಡತಿ ಕೈಯಿಂದಲೇ ಹೊಲಿದು ಕೊಟ್ಟೆವು. ಆಮೇಲೆ, ಪೇಚಿನ ಉಳಿದ ಒಂದು ದವಡೆಗಾದರೂ ಗಟ್ಟಿಯಾಗಿ ಕೂರುವ ತುದಿ ಬೇಕೆಂದು, ನಾನು ತೋಳಿನ ಬೆಳ್ಳಿ ವಂಕಿ ಮಾರಿ ಲಿಂಗಸುಗೂರಿನ ಸಾಹೇಬರ ಅಂಗಡಿಗೆ ಹೋದೆ. ವಿಲಾಯತಿ ಪೇಚಕಸವನ್ನು ಕಾಗದದಲ್ಲಿ ಸುತ್ತಿ ಕೊಡುತ್ತ ಆ ಹಿರಿಯರು ಹೇಳಿದರು:

"ಅಮ್ಮಾ, ಒಂದು ಮಾತು. ಇದನ್ನ ಒಲ್ಯಾಗ ಕಾಸಿ ಮಜ್ಜಿಗಿ ದವಾ ಮಾಡಬ್ಯಾಡ್ರಿ. ಈ ಕಡೀ ಮಂದಿಗೆ ಅದೊಂದು ಚಟ. ಕೆಂಪಗ ಕಾಸಿ ಅದ್ದಿದ್ರ ಎಂಥಾ ಉಕ್ಕಾದ್ರೂ ಗಾಜಿನಂಗ ಮುರೀತದ. ಮುರದ ಮ್ಯಾಲ ನನ್ನ ಸಂಗಾಟ ಜಗಳಕ್ಕ ಬರ್ತಾರ."

ಮಸ್ಕಿಯ ಬಸ್ಸಿನಲ್ಲಿ ಹೇಗೆ ಕೂತೆನೋ ಗೊತ್ತಿಲ್ಲ. ಬಂದು ಯಜಮಾನರಿಗೆ ಹೇಳಿದೆ. ಅವರು ಕತ್ತರಿ ಬದಿಗಿಟ್ಟು "ಹೋಗಿ ಹೇಳಿ ಬಾ. ಈಗಿಂದೀಗ" ಎಂದರು.

"ಮಂದಿ ಮುಂದ ನಾ ಸುಳ್ಳಿ ಆಗ್ಲೇನು? ನೀವು ಸುಮ್ಕ ಕೂಡ್ರಿ."

ಮುಂದಿನ ಸಂತೆಗೆ ಹೇಳಿದರಾಯಿತು ಎಂದುಕೊಂಡೆ. ಆ ಸಂತೆ ಬಂತು, ಹೋಯಿತು. ಕುಲುಮೆಯ ದಾರಿ ಬಿಟ್ಟು ಸುತ್ತಿಕೊಂಡು ನೀರಿಗೆ ಹೋಗತೊಡಗಿದೆ. ಹೇಳುವುದು ಒಂದೇ ಮಾತು, "ಇಟ್ಟಿದ್ದೆ" ಅಂತ. ಅದನ್ನು ಹೇಳದೆ ವಾರ ಕಳೆದಂತೆ ಅದು ದೊಡ್ಡದಾಗುತ್ತ ಹೋಯಿತು. ಅಷ್ಟರಲ್ಲಿ ಮೌನಪ್ಪ ಪೇಚಕಸ, ಉಳಿ ಮಾಡುವುದನ್ನು ಬಿಟ್ಟನಂತೆ, ಹಟ್ಟಿಯ ಸಲಾಕೆಗಳನ್ನೆಲ್ಲ ಹಳ್ಳಕ್ಕೆ ಎಸೆದನಂತೆ, ಬೆಂಕಿಯ ಮುಂದೆ ಸುಮ್ಮನೆ ಕೂತಿರುತ್ತಾನಂತೆ ಎಂದು ಸುದ್ದಿ ಬಂತು. ವರ್ಷ ತುಂಬುವುದರೊಳಗೆ ಗಾಳಿ ಊದುವ ತಿದಿ, ಕಬ್ಬಿಣ ಬಡಿಯುವ ಅಡಿಗಲ್ಲು ಮಾರಿ ಊರು ಬಿಟ್ಟ. ನಾನು ಆಗಲೂ ಮನೆಯಿಂದ ಹೊರಗೆ ಬರಲಿಲ್ಲ.

ಐದಾರು ವರ್ಷಗಳಾದ ಮೇಲೆ, ನಿಜಾಮನ ರಾಜ್ಯದ ಕೊನೆಯ ದಿನಗಳಲ್ಲಿ, ದಾರದ ಉಂಡೆ ತರಲು ಸಿಂಧನೂರಿಗೆ ಹೋಗಿದ್ದೆವು. ಯಜಮಾನರು ಅಂಗಡಿಯಲ್ಲಿದ್ದರು. ನಾನು ಹತ್ತಿ ಬಿಡಿಸುವ ಜಿನ್ನಿನ ಕಾರ್ಖಾನೆಯ ಗೇಟಿನ ಹತ್ತಿರ ನೆರಳಿಗೆ ನಿಂತಿದ್ದೆ.

"ಮಸ್ಕಿ ತಂಗೆವ್ವ ಅಲ್ಲೇನು?"

ಕಾವಲುಗಾರನ ಕೋಲು ಹಿಡಿದು ಮೌನಪ್ಪ ಕೂತಿದ್ದ. ಮೈ ಇಳಿದಿತ್ತು, ನಗು ಮಾತ್ರ ಹಾಗೇ ಇತ್ತು. ನೀರು ತಂದುಕೊಟ್ಟ. ಅತ್ತೆ ಹೇಗಿದ್ದಾರೆ, ಮಿಷನ್ನು ಹೇಗಿದೆ ಎಂದು ಕೇಳಿದ. ನಾನು ತಂಬಿಗೆ ಕೆಳಗಿಟ್ಟೆ.

"ಮೌನಪ್ಪಣ್ಣಾ, ಆ ಪೇಚಕಸ ನಾ ಒಲ್ಯಾಗ ಇಟ್ಟಿದ್ದೆ. ಇವರಿಗೆ ಕಾಮಣಿ ಆಗಿತ್ತು. ಮಜ್ಜಿಗ್ಯಾಗ ಅದ್ದಾಕ."

"ಎಷ್ಟು ಸಲ?"

"ಒಂಬತ್ತು."

"ಒಂಬತ್ತು ಸಲ ಮಜ್ಜಿಗಿ ಕುಡೀತೇನು!" ಎಂದು ಜೋರಾಗಿ ನಕ್ಕುಬಿಟ್ಟ. "ಅಬಾಬಾ, ಒಂಬತ್ತು ಸಲ ತಡದೈತಿ ನೋಡು ನನ್ನ ಉಕ್ಕು!" ಗೇಟಿನೊಳಗೆ ಹತ್ತಿ ಹೊರುತ್ತಿದ್ದವರು ತಿರುಗಿ ನೋಡಿದರು. ನಗುತ್ತ ನಗುತ್ತಲೇ ಅವನ ಮುಖ ಬಾಡಿತು.

"ನಾ ಅವತ್ತು ನೋಡಿದ ಕೂಡಲೇ ಅನ್ಕೊಂಡಿದ್ದೆ. ಮುರದ ಬಾಯಾಗ ಉಪ್ಪಿನ ಹರಳಿನಂಗ ಕಂಡಿತ್ತು. ಬೆಂಕಿ ಕಂಡ ಉಕ್ಕಿಗೇ ಹಂಗ ಆಗೋದು. ಆದ್ರ ನೀ ಇಲ್ಲ ಅಂದಿ. ಮನಿತನದ ಹೆಣ್ಣುಮಗಳು ಸುಳ್ಳ್ಯಾಕ ಹೇಳ್ತಾಳ, ನನ್ನ ಕಣ್ಣ ಸುಳ್ಳ ಹೇಳಾಕತ್ತಾವ ಅನ್ಕೊಂಡೆ. ಅಲ್ಲಿಂದ ಮುಂದ ಬೆಂಕ್ಯಾಗ ಬಣ್ಣ ಬಂದ್ರೂ ಬಂತೋ ಇಲ್ಲೋ ಅಂತ ಅನುಮಾನ. ಅನುಮಾನ ಇಟ್ಕೊಂಡು ಕಬ್ಬಿಣ ಬಡಿಯಾಕ ಆಗಂಗಿಲ್ಲವ್ವ."

ನಾನು ಅವನ ಕಾಲು ಮುಟ್ಟಲು ಬಗ್ಗಿದೆ. ಅವನು ಹಿಂದೆ ಸರಿದ. "ಮಸ್ಕಿಗೆ ಬಾ ಅಣ್ಣಾ, ಮತ್ತ ಕುಲುಮಿ ಹಾಕು. ನಿನ್ನ ಕೈ ತಪ್ಪಿರಲಿಲ್ಲ" ಎಂದೆ. ಅವನು ಎರಡೂ ಕೈಗಳನ್ನು ಮುಂದೆ ಚಾಚಿ ತೋರಿಸಿದ. ಬೆರಳುಗಳು ನಡುಗುತ್ತಿದ್ದವು.

"ನನಗ ಹೇಳಿದ್ದು ಚಲೋ ಆತವ್ವ," ಎಂದ, ಸಿಟ್ಟಿಲ್ಲದೆ. "ಆದ್ರ ಇದನ್ನ ಸಂತ್ಯಾಗ ಹೇಳಬೇಕಾಗಿತ್ತು."

ಮಸ್ಕಿಯ ಮುಂದಿನ ಸಂತೆಗೆ ಹೋದೆ. ಈ ಸಲ ಮುಂದೂಡಲಿಲ್ಲ. ಅವತ್ತು ನನ್ನ ಮಗ್ಗುಲಲ್ಲಿ ನಿಂತಿದ್ದ ಹೆಣ್ಣುಮಗಳೇ ಎದುರಿಗೆ ಸಿಕ್ಕಳು. ಎದೆ ಗಟ್ಟಿ ಮಾಡಿಕೊಂಡು, "ಕಂಬಾರ ಮೌನಪ್ಪ ಇದ್ನಲ್ಲಬೇ…" ಎಂದೆ.

"ಹಾಂ, ಮಂದಿಗೆ ಮೋಸದ ಮಾಲು ಕೊಟ್ಟು ಊರು ಬಿಟ್ಟು ಓಡಿಹೋದ್ನಲ್ಲ, ಆತನಾ?"

"ಅಲ್ಲಬೇ, ತಪ್ಪು ಆತಂದಲ್ಲ. ನಂದು" ಎಂದೆ. ಆಕೆ ಆಗಲೇ ತಕ್ಕಡಿಯವನ ಜೊತೆ ತೂಕದ ಜಗಳಕ್ಕೆ ನಿಂತಿದ್ದಳು. ಇನ್ನೊಮ್ಮೆ ಹೇಳಿದೆ, ಗಟ್ಟಿಯಾಗಿ ಹೇಳಿದೆ. "ಇರ್ಲಿ ಬಿಡಬೇ, ಹಳೇ ಮಾತು" ಎಂದು ಆಕೆ ಕಾಯಿಪಲ್ಲೆಯನ್ನು ಉಡಿಗೆ ಹಾಕಿಕೊಂಡು ಹೋಗಿಬಿಟ್ಟಳು.